ಕಪ್ಪು ಪುಟವೋ ಬಿಳಿ ಪುಟವೋ, ಕಣ್ಣನ್ನೇ ಕೇಳಿ

ರಾತ್ರಿ ಬಸ್ಸು ನೆಲಮಂಗಲ ದಾಟುತ್ತಿದ್ದಂತೆ ಒಳಗಿನ ದೀಪಗಳು ಆರುತ್ತವೆ. ಕಂಡಕ್ಟರ್ ಟಿಕೆಟ್ ಲೆಕ್ಕ ಮುಗಿಸಿ ಸೀಟಿಗೆ ಒರಗುತ್ತಾರೆ. ಆಮೇಲೆ ಉಳಿಯುವುದು ಮೊಬೈಲುಗಳ ಬೆಳಕು ಮಾತ್ರ. ಕಿಟಕಿ ಪಕ್ಕದ ಹುಡುಗನ ಕೈಯಲ್ಲಿ ಕಪ್ಪು ಪರದೆ, ಅದರ ಮೇಲೆ ಸಣ್ಣ ಬಿಳಿ ಅಕ್ಷರ. ಪಕ್ಕದವರಿಗೆ ಅವನ ಮುಖವೂ ಕಾಣದಷ್ಟು ಮಂದ. ಎರಡು ಸಾಲು ಹಿಂದೆ ಒಬ್ಬ ಹೆಂಗಸು ಯಾವುದೋ ಅರ್ಜಿ ತೆರೆದಿದ್ದಾರೆ. ಹಾಲಿನಂಥ ಬಿಳಿ ಪುಟ. ಅದರ ಝಳಕ್ಕೆ ಅವರ ಕಣ್ಣು ಕಿರಿದಾಗಿದೆ, ಆಚೆ ಸೀಟಿನವರು ಶಾಲು ಮುಖಕ್ಕೆ ಎಳೆದುಕೊಂಡಿದ್ದಾರೆ.

ಮರುದಿನ ಮಧ್ಯಾಹ್ನ ಅದೇ ಹುಡುಗ ಊರ ಸಂತೆಯಲ್ಲಿ ತೆಂಗಿನಕಾಯಿಗೆ ದುಡ್ಡು ಕೊಡಲು ಮೊಬೈಲ್ ತೆಗೆಯುತ್ತಾನೆ. ರಾತ್ರಿ ಹಿತವಾಗಿದ್ದ ಕಪ್ಪು ಪರದೆಯಲ್ಲಿ ಈಗ ಕಾಣುವುದು ಅವನದೇ ಮುಖ ಮತ್ತು ತಲೆಯ ಮೇಲಿನ ಟಾರ್ಪಾಲು. ಅಂಗೈ ಅಡ್ಡ ಹಿಡಿದು, ಬೆನ್ನು ಬಿಸಿಲಿಗೆ ತಿರುಗಿಸಿ, ಕೊನೆಗೆ ಅಂಗಡಿಯವನ ಕೈಗೇ ಫೋನ್ ಕೊಟ್ಟು 'ಎಷ್ಟು ಅಂತ ತೋರಿಸ್ತಿದೆ ನೋಡಿ ಅಣ್ಣಾ' ಎನ್ನುತ್ತಾನೆ.

ಡಾರ್ಕ್ ಮೋಡ್ ಈಗ ಎಲ್ಲರಿಗೂ ಗೊತ್ತು. ಅರ್ಧಚಂದ್ರದ ಗುರುತು ಒತ್ತಿದರೆ ಪುಟ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗಾಗುತ್ತದೆ. 'ಕಣ್ಣಿಗೆ ಒಳ್ಳೆಯದಂತೆ' ಎಂದು ಒಬ್ಬರಿಂದೊಬ್ಬರಿಗೆ ಮಾತು ಹರಡಿದೆ. ಅದು ಅರ್ಧ ನಿಜ. ಯಾರ ಕಣ್ಣಿಗೆ, ಯಾವ ಹೊತ್ತಿನಲ್ಲಿ, ಎಷ್ಟು ದೊಡ್ಡ ಅಕ್ಷರಕ್ಕೆ ಎಂದು ಕೇಳಿದರೆ ಉತ್ತರ ಪ್ರತಿ ಸಲ ಬೇರೆಯಾಗುತ್ತದೆ.

ಕಡತದಿಂದ ಮೊಬೈಲಿನವರೆಗೆ

ಕಪ್ಪಿನ ಮೇಲೆ ಬಿಳಿಯಲ್ಲಿ ಬರೆಯುವುದು ಕನ್ನಡ ನಾಡಿಗೆ ಹೊಸದಲ್ಲ. ಕಚೇರಿಯ ಫೈಲನ್ನು ಇಂದಿಗೂ ಕಡತ ಎನ್ನುತ್ತೇವೆ. ಮೂಲದ ಕಡತ ಬಟ್ಟೆಯದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವಿದೆ. ನಮ್ಮ ಪೀಳಿಗೆ ಅಕ್ಷರ ತಿದ್ದಿದ್ದೂ ಕಪ್ಪು ಸ್ಲೇಟಿನ ಮೇಲೆಯೇ.

ಕಂಪ್ಯೂಟರಿನ ಕಥೆಯೂ ಕಪ್ಪಿನಿಂದಲೇ ಶುರು. ಹಳೆಯ ಗಾಜಿನ ಪರದೆಗಳಲ್ಲಿ ಕತ್ತಲೆಯ ನಡುವೆ ಹಸಿರು ಅಕ್ಷರ ಮಿನುಗುತ್ತಿತ್ತು. 1973ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ 'ಆಲ್ಟೊ' ಎಂಬ ಯಂತ್ರ ಕಟ್ಟಿತು. ಕಾಗದದ ಹಾಗೆ ಬಿಳಿ ಪುಟ, ಅದರ ಮೇಲೆ ಕಪ್ಪು ಅಕ್ಷರ. 1984ರಲ್ಲಿ ಆಪಲ್‌ನ ಮ್ಯಾಕಿಂಟಾಶ್ ಅದನ್ನು ಜನರ ಮೇಜಿಗೆ ತಂದಿತು. ಅಲ್ಲಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಿಳಿಯೇ ರೂಢಿಯಾಯಿತು. 2018ರಲ್ಲಿ ಆಪಲ್ ತನ್ನ ಕಂಪ್ಯೂಟರುಗಳಿಗೂ 2019ರಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್ ತಮ್ಮ ಮೊಬೈಲುಗಳಿಗೂ ಡಾರ್ಕ್ ಮೋಡ್ ಕೊಟ್ಟ ಮೇಲೆ ಕಪ್ಪು ಮರಳಿ ಬಂತು.

ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಂಗತಿಯಿದೆ. ವಿಂಡೋಸ್ 95ರಲ್ಲೇ 'ಹೈ ಕಾಂಟ್ರಾಸ್ಟ್' ಎಂಬ ಆಯ್ಕೆ ಇತ್ತು. ಮಂದದೃಷ್ಟಿಯವರಿಗಾಗಿ ಮಾಡಿದ್ದು ಅದು. ಉಳಿದವರಿಗೆ ಸೊಗಸಾಗಿ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಕಪ್ಪು ಪುಟ ಅವರ ಅಗತ್ಯವಾಗಿತ್ತು.

ಪಾಪೆ ಹಿಗ್ಗಿದರೆ, ಕುಗ್ಗಿದರೆ

ದೂರದ ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡುತ್ತೇವಲ್ಲ, ಆಗ ಆಗುವುದೇನು? ಬೆಳಕು ಒಳಗೆ ಹೋಗುವ ದಾರಿ ಸಣ್ಣದಾಗುತ್ತದೆ. ಅಂಚಿನಿಂದ ಓರೆಯಾಗಿ ಬರುವ ಕಿರಣಗಳು ನಿಲ್ಲುತ್ತವೆ, ಅಕ್ಷರ ಚೂಪಾಗುತ್ತದೆ. ಬಿಳಿ ಪುಟ ನೋಡುವಾಗ ಕಣ್ಣಿನ ಪಾಪೆ ತಾನಾಗಿಯೇ ಕುಗ್ಗಿ ಇದೇ ಕೆಲಸ ಮಾಡುತ್ತದೆ. ಕಪ್ಪು ಪುಟದ ಮುಂದೆ ಪಾಪೆ ಹಿಗ್ಗುತ್ತದೆ. ಆಗ ಮಸೂರದ ಸಣ್ಣಪುಟ್ಟ ದೋಷಗಳೆಲ್ಲ ಲೆಕ್ಕಕ್ಕೆ ಬರುತ್ತವೆ.

ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಹೈನ್ರಿಖ್ ಹೈನೆ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಿರಿಯರಿಗೂ ಹಿರಿಯರಿಗೂ ಎರಡೂ ಬಗೆಯ ಪರದೆ ಕೊಟ್ಟು ಕರಡು ತಿದ್ದಿಸಿ ನೋಡಿದರು. ಎರಡೂ ವಯಸ್ಸಿನವರಲ್ಲಿ ಬಿಳಿಯ ಮೇಲಿನ ಕಪ್ಪು ಅಕ್ಷರವೇ ಗೆದ್ದಿತು. ಹಾಗಾಗಿ ಕಣ್ಣು ಸರಿಯಿರುವವರು ಹಗಲು ಹೊತ್ತು ದೀರ್ಘ ಬರಹ ಓದುವುದಾದರೆ ಬಿಳಿ ಪುಟಕ್ಕೇ ಒಂದು ಅಂಕ ಹೆಚ್ಚು.

ನನ್ನ ಕನ್ನಡಕದ ಚೀಟಿಯಲ್ಲಿ 'ಸಿಲಿಂಡರ್' ಎಂಬ ಕಾಲಂ ಖಾಲಿ ಇಲ್ಲ. ಅಂದರೆ ಅಸ್ಟಿಗ್ಮ್ಯಾಟಿಸಂ ಇದೆ. ಅದು ಇದ್ದವರ ಕಣ್ಣಿನ ಮುಂಭಾಗ ಎಲ್ಲ ದಿಕ್ಕಿಗೂ ಒಂದೇ ಸಮ ದುಂಡಾಗಿರುವುದಿಲ್ಲ. ಕನ್ನಡಕ ತೆಗೆದು ಕಪ್ಪು ಪುಟ ನೋಡಿದರೆ ಪ್ರತಿ ಬಿಳಿ ಅಕ್ಷರಕ್ಕೂ ಒಂದು ಬಾಲ ಬೆಳೆಯುತ್ತದೆ. ಮಳೆಯಲ್ಲಿ ಎದುರಿನ ಲಾರಿಯ ದೀಪ ಗಾಜಿನ ಮೇಲೆ ಗೀಟಾಗುವ ಹಾಗೆ. ನನಗೆ ಕಪ್ಪು ಪುಟ ದಣಿವು.

ಅಮ್ಮನಿಗೆ ಅದೇ ಕಪ್ಪು ಪುಟ ಬಿಡುಗಡೆಯಾಯಿತು. ಎರಡೂ ಕಣ್ಣಿಗೆ ಪೊರೆ ಬಂದಿದ್ದ ದಿನಗಳು. ಮೊಬೈಲಿನಲ್ಲಿ ಪಿಂಚಣಿಯ ಮೆಸೇಜು ನೋಡಲು ಹೋಗಿ 'ಅಕ್ಷರ ಎಲ್ಲಾ ಮಜ್ಜಿಗೇಲಿ ಅದ್ದಿದ ಹಾಗಿದೆ ಕಣೇ' ಎಂದಿದ್ದಳು. ನಾನು ಅಕ್ಷರ ದೊಡ್ಡದು ಮಾಡಿಕೊಟ್ಟೆ, ಬೆಳಕು ಹೆಚ್ಚಿಸಿದೆ. ಬೆಳಕು ಹೆಚ್ಚಿದಷ್ಟೂ ಅವಳಿಗೆ ಕಷ್ಟ. ಏನೋ ತೋಚಿ ಡಾರ್ಕ್ ಮೋಡ್ ಹಾಕಿದೆ. ಒಂದು ಕ್ಷಣ ಸುಮ್ಮನಿದ್ದು, ಬೆರಳಿಟ್ಟು, ಒಂದೊಂದೇ ಪದ ಓದತೊಡಗಿದಳು.

ಪೊರೆ ಬಂದ ಮಸೂರ ಮಂಜು ಹಿಡಿದ ಕಿಟಕಿಯ ಗಾಜಿನಂತೆ. ಬಿದ್ದ ಬೆಳಕನ್ನೆಲ್ಲ ಅತ್ತಿತ್ತ ಚದುರಿಸುತ್ತದೆ. ಪುಟವಿಡೀ ಬಿಳಿಯಾಗಿದ್ದರೆ ಚದುರುವ ಬೆಳಕು ಅಪಾರ, ಅದು ಕಪ್ಪು ಅಕ್ಷರದ ಮೇಲೂ ಹರಡಿ ಅದನ್ನು ಬೂದಾಗಿಸುತ್ತದೆ. ಪುಟ ಕಪ್ಪಾದರೆ ಬೆಳಗುವುದು ಅಕ್ಷರ ಮಾತ್ರ, ಚದುರಲು ಬೆಳಕೇ ಕಡಿಮೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಗಾರ್ಡನ್ ಲೆಗ್ಗೆ ಮತ್ತು ಸಂಗಡಿಗರು 1985ರಲ್ಲೇ ಮಂದದೃಷ್ಟಿಯವರ ಓದನ್ನು ಅಳೆದು, ಕಣ್ಣಿನೊಳಗಿನ ಮಾಧ್ಯಮ ಮಸುಕಾದವರು ಕಪ್ಪಿನ ಮೇಲಿನ ಬಿಳಿ ಅಕ್ಷರವನ್ನು ಹೆಚ್ಚು ವೇಗವಾಗಿ ಓದುತ್ತಾರೆಂದು ತೋರಿಸಿದ್ದರು. ಬೆಳಕು ಕಂಡರೆ ಕಣ್ಣು ಮುಚ್ಚುವಂತಾಗುವ ಆಲ್ಬಿನಿಸಂ ಇರುವವರಿಗೂ ಮೈಗ್ರೇನಿನವರಿಗೂ ಕಪ್ಪು ಪುಟ ಇದೇ ರೀತಿ ಆಸರೆ.

ಒಂದೇ ಮನೆ, ಒಂದೇ ಮೊಬೈಲ್. ತಾಯಿಗೆ ಬೇಕಾದದ್ದು ಮಗಳಿಗೆ ಬೇಡ. ಈ ಮಾತನ್ನು ಜಾಲತಾಣ ಕಟ್ಟುವವರೆಲ್ಲ ಕೇಳಿಸಿಕೊಳ್ಳಬೇಕೆಂಬುದು ನನ್ನ ಆಸೆ.

ಬ್ಯಾಟರಿಯ ಮಾತು

ಡಾರ್ಕ್ ಮೋಡಿನಿಂದ ಬ್ಯಾಟರಿ ಉಳಿಯುತ್ತದೆಯೇ? ಒಎಲ್‌ಇಡಿ ಪರದೆಯಾದರೆ ಹೌದು. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಎಂದರೆ ಆರಿದ ಚುಕ್ಕೆ. ಕಡಿಮೆ ಬೆಲೆಯ ಫೋನುಗಳ ಎಲ್‌ಸಿಡಿಯಲ್ಲಿ ಹಿಂದಿನ ದೀಪ ಸದಾ ಉರಿಯುತ್ತಲೇ ಇರುವುದರಿಂದ ಲಾಭ ಕಾಣುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2021ರಲ್ಲಿ ಒಎಲ್‌ಇಡಿ ಫೋನುಗಳನ್ನು ಅಳೆದಾಗ, ಬೆಳಕನ್ನು ಪೂರ್ತಿ ಏರಿಸಿದ್ದರೆ ಸರಾಸರಿ ಶೇ 39ರಿಂದ 47ರಷ್ಟು ಶಕ್ತಿ ಉಳಿಯಿತು. ನಾವು ದಿನವೂ ಇಟ್ಟುಕೊಳ್ಳುವ 30ರಿಂದ 50ರ ಮಟ್ಟದಲ್ಲಿ ಉಳಿದದ್ದು ಶೇ 3ರಿಂದ 9 ಮಾತ್ರ.

4.5 ಎಂಬ ಗೆರೆ

ಓದಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ಬಣ್ಣಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ. ಅದಕ್ಕೆ ಕಾಂಟ್ರಾಸ್ಟ್ ಎನ್ನುತ್ತಾರೆ. ವೆಬ್‌ನ ಮಾನದಂಡಗಳನ್ನು ನೋಡಿಕೊಳ್ಳುವ ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ 1999ರಲ್ಲಿ ಸುಗಮ್ಯತೆಗೆ, ಅಂದರೆ ಅಂಗವಿಕಲರೂ ಸೇರಿ ಎಲ್ಲರಿಗೂ ಪುಟ ಬಳಸಲು ಬರುವಂತಿರಲು, ಮೊದಲ ಮಾರ್ಗಸೂಚಿ ತಂದಿತು. 2008ರ ಎರಡನೇ ಆವೃತ್ತಿಯಲ್ಲಿ ಈ ಅಂತರಕ್ಕೆ ಒಂದು ಲೆಕ್ಕ ಕೊಟ್ಟಿತು.

ಬಿಳಿಯ ಮೇಲೆ ಅಚ್ಚ ಕಪ್ಪು ಇದ್ದರೆ ಅನುಪಾತ 21. ಬಿಳಿಯ ಮೇಲೆ ಬಿಳಿ ಇದ್ದರೆ 1. ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಶೀರ್ಷಿಕೆಗೆ 3 ಸಾಕು. ಇನ್ನೂ ಕಟ್ಟುನಿಟ್ಟಾಗಿ ಪಾಲಿಸುವವರಿಗೆ 7. ಈ 4.5 ಎಲ್ಲಿಂದ ಬಂತೆಂಬುದು ನನಗೆ ಬಹಳ ಇಷ್ಟವಾದ ವಿವರ. ಸುಮಾರು ಎಂಬತ್ತು ವರ್ಷದ ಹಿರಿಯರ ದೃಷ್ಟಿ ಸಾಮಾನ್ಯವಾಗಿ ನಮ್ಮ ಕಣ್ಣಿನ ಡಾಕ್ಟರರು 6/12 ಎಂದು ಬರೆಯುವ ಮಟ್ಟದಲ್ಲಿರುತ್ತದೆ ಎಂದು ಹಿಡಿದು, ಅವರಿಗೆ ಕಡಿಮೆ ಬೀಳುವಷ್ಟನ್ನು ಸೇರಿಸಿ ಕಟ್ಟಿದ ಅಂಕಿ ಅದು. ಆ ಅಂಕಿಯ ಹಿಂದೆ ಒಬ್ಬ ಅಜ್ಜಿ ಕೂತಿದ್ದಾಳೆ.

ಬೂದು ಬಣ್ಣವನ್ನೇ ತೆಗೆದುಕೊಳ್ಳಿ. ಬಣ್ಣದ ಸಂಕೇತದಲ್ಲಿ 767676 ಎಂಬ ಬೂದು ಬಿಳಿಯ ಮೇಲೆ 4.54 ಅಂಕ ಪಡೆದು ಪಾಸಾಗುತ್ತದೆ. ಅದಕ್ಕಿಂತ ಒಂದೇ ಮೆಟ್ಟಿಲು ತಿಳಿಯಾದ 777777ಕ್ಕೆ ಸಿಗುವುದು 4.48. ಫೇಲು. ಅರ್ಜಿಯ ಖಾಲಿ ಚೌಕದೊಳಗೆ 'ಇಲ್ಲಿ ಹೆಸರು ಬರೆಯಿರಿ' ಎಂದು ತೆಳ್ಳಗೆ ಕಾಣುವ ಬೂದು ಅಕ್ಷರ ಹಲವು ಕಡೆ 999999 ಅಥವಾ ಅದಕ್ಕೂ ತಿಳಿ. ಅದರ ಅಂಕ 2.85. ಅಂದರೆ ಅರ್ಜಿ ತುಂಬಲು ಸಹಾಯ ಬೇಕಾದವರಿಗೇ ಆ ಸಹಾಯ ಕಾಣುವುದಿಲ್ಲ.

ವೆಬ್‌ಏಮ್ ಎಂಬ ಅಮೆರಿಕದ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಜಾಲತಾಣಗಳ ಮುಖಪುಟ ಪರೀಕ್ಷಿಸುತ್ತದೆ. 2024ರಲ್ಲಿ ಶೇ 81ರಷ್ಟು ಪುಟಗಳಲ್ಲಿ ಮಸುಕು ಬರಹ ಸಿಕ್ಕಿತು. ಸರಿಪಡಿಸಲು ಇದಕ್ಕಿಂತ ಸುಲಭದ ತಪ್ಪು ಇನ್ನೊಂದಿಲ್ಲ. ಎರಡು ಅಂಕಿ ಬದಲಿಸಿದರೆ ಮುಗಿಯಿತು.

ಡಾರ್ಕ್ ಮೋಡಿಗೂ ಇದೇ ಗೆರೆ. ಬಿಳಿ ಪುಟದಲ್ಲಿ ಲಿಂಕುಗಳಿಗೆ ಬಳಸುವ ಅಚ್ಚ ನೀಲಿಗೆ 8.59 ಅಂಕ. ಅದೇ ನೀಲಿಯನ್ನು ಕಪ್ಪು ಪುಟದಲ್ಲಿ ಹಾಗೆಯೇ ಬಿಟ್ಟರೆ 2.44. ಅಂತರ ವಿಪರೀತವಾದರೂ ಕಷ್ಟವೇ. ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿ ಅಕ್ಷರ ಕೆಲವರಿಗೆ ಉರಿದಂತೆ ಕಾಣುತ್ತದೆ. ಅದಕ್ಕೇ ಗೂಗಲ್‌ನ ವಿನ್ಯಾಸ ಮಾರ್ಗಸೂಚಿ ಪೂರ್ತಿ ಕಪ್ಪಿನ ಬದಲು ಇದ್ದಿಲಿನಂಥ 121212 ಸೂಚಿಸಿತ್ತು. ಅದರ ಮೇಲಿನ ಬಿಳಿಗೆ ಸುಮಾರು 18.7 ಸಿಗುತ್ತದೆ, ಏನೂ ಕಮ್ಮಿಯಲ್ಲ.

ದನವೋ ಧನವೋ

ಇಂಗ್ಲಿಷಿಗಾಗಿ ಹೊಂದಿಸಿದ ಅಕ್ಷರದ ಗಾತ್ರ ಕನ್ನಡಕ್ಕೆ ಸಾಲದು. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಡ ಮತ್ತು ಢ, ಪ ಮತ್ತು ಫ ಕೂಡ ಹಾಗೆಯೇ. ಪ ಷ ಆಗುವುದೂ ಒಂದು ಗೀಟಿನಿಂದ. ಸಣ್ಣ ಗಾತ್ರದಲ್ಲಿ, ಮಸುಕು ಬಣ್ಣದಲ್ಲಿ ಆ ಗೀಟು ಮಾಯವಾದರೆ ಧನ ದನವಾಗುತ್ತದೆ. ಓದುವವರು ಸಂದರ್ಭ ನೋಡಿ ಸರಿಮಾಡಿಕೊಳ್ಳುತ್ತಾರೆ ನಿಜ. ಪಹಣಿಯಲ್ಲಿ ಅಥವಾ ಫಲಾನುಭವಿ ಪಟ್ಟಿಯಲ್ಲಿ ಇರುವ ಹೆಸರನ್ನು ಸಂದರ್ಭ ನೋಡಿ ಊಹಿಸಲಾಗದು.

ಒತ್ತಕ್ಷರದ ಪಾಡು ಇನ್ನೂ ಕಷ್ಟ. ಅದು ಸಾಲಿನ ಕೆಳಗೆ ಇಳಿಯುತ್ತದೆ, ಮೂಲ ಅಕ್ಷರಕ್ಕಿಂತ ಚಿಕ್ಕದಾಗಿರುತ್ತದೆ. ಇಂಗ್ಲಿಷ್ ಅಳತೆಯಲ್ಲಿ ಕಟ್ಟಿದ ಬಟನ್ನಿನೊಳಗೆ 'ಸಲ್ಲಿಸಿ' ಎಂದು ಹಾಕಿದರೆ ಲ-ಒತ್ತಿನ ಬುಡ ಕತ್ತರಿಸಿ ಹೋಗುವುದನ್ನು ನೀವೂ ನೋಡಿರುತ್ತೀರಿ. ಕಪ್ಪು ಪುಟದ ಮೇಲೆ ಬಿಳಿ ಗೆರೆ ನೋಟಕ್ಕೆ ಸ್ವಲ್ಪ ಊದಿಕೊಳ್ಳುವುದರಿಂದ, ದಪ್ಪ ಫಾಂಟಿನಲ್ಲಿ ಒತ್ತಿನ ಒಳಗಿನ ಸುಳಿ ತುಂಬಿ ಹೋಗುತ್ತದೆ. ಗಾತ್ರ ತುಸು ಹೆಚ್ಚಿಸಿ, ಸಾಲುಗಳ ನಡುವೆ ಜಾಗ ಬಿಟ್ಟು, ಕಪ್ಪು ಪುಟಕ್ಕೆ ಒಂದು ಹದ ತೆಳುವಾದ ಫಾಂಟ್ ಆರಿಸಿಕೊಂಡರೆ ಇದೆಲ್ಲ ಸರಿಹೋಗುತ್ತದೆ. ಮಾಡುವವರಿಗೆ ಕನ್ನಡ ಓದುವ ಅಭ್ಯಾಸ ಇರಬೇಕು, ಅಷ್ಟೆ.

ಇದರ ಜೊತೆಗೇ ಜೂಮ್ ವಿಷಯ. ಎರಡು ಬೆರಳಲ್ಲಿ ಹಿಗ್ಗಿಸಿ ನೋಡುವುದನ್ನು ಕೆಲವು ಪುಟಗಳು ಬೇಕೆಂದೇ ಕಟ್ಟಿಹಾಕುತ್ತವೆ, ವಿನ್ಯಾಸ ಕೆಡುತ್ತದೆಂದು. ಬರಹವನ್ನು ಎರಡರಷ್ಟು ದೊಡ್ಡದು ಮಾಡಿದರೂ ಪುಟ ಕೆಲಸ ಮಾಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ನಲವತ್ತು ದಾಟಿದವರ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎಂದೇ ಹೆಸರು. ಆ ವಯಸ್ಸು ಎಲ್ಲರಿಗೂ ಬರುತ್ತದೆ, ವಿನ್ಯಾಸಕಾರರಿಗೂ.

ಬಣ್ಣ ಒಂದೇ ಮಾತಾಡಬಾರದು

'ಕೆಂಪು ಬಣ್ಣದ ಚೌಕಗಳನ್ನು ತುಂಬಿ' ಎಂದು ಅರ್ಜಿ ಹೇಳುತ್ತದೆ. ಕೆಂಪು ಹಸಿರು ಬೇರೆಯಾಗಿ ಕಾಣದವರಿಗೆ ಯಾವ ಚೌಕ? ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗೆ ಈ ಬಣ್ಣಗುರುಡು ಇದೆ. ಫೇಸ್‌ಬುಕ್ ಕಟ್ಟಿದ ಮಾರ್ಕ್ ಝುಕರ್‌ಬರ್ಗ್ ಅವರಿಗೂ ಇದೆ, ಆ ತಾಣ ನೀಲಿಯಾಗಿರಲು ಅದೂ ಒಂದು ಕಾರಣ. ಕೆಂಪಿನ ಜೊತೆ ಒಂದು ಗುರುತು, 'ಇದನ್ನು ತುಂಬಿಲ್ಲ' ಎಂಬ ಒಂದು ಸಾಲು ಇದ್ದರೆ ಸಾಕು.

ಪುಟ ಕೇಳುವ ಪ್ರಶ್ನೆ

2019ರಲ್ಲಿ ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಬ್ರೌಸರುಗಳಿಗೆ ಒಂದರ ಹಿಂದೊಂದು ಹೊಸ ಸವಲತ್ತು ಬಂತು. ಹೆಸರು 'ಪ್ರಿಫರ್ಸ್ ಕಲರ್ ಸ್ಕೀಮ್'. ಪುಟ ತೆರೆಯುವ ಮುನ್ನ ಸಾಧನವನ್ನು ಕೇಳುತ್ತದೆ: ನಿಮ್ಮ ಯಜಮಾನರಿಗೆ ಬಿಳಿ ಬೇಕೋ ಕಪ್ಪು ಬೇಕೋ? ಫೋನಿನ ಸೆಟ್ಟಿಂಗ್‌ನಲ್ಲಿ ಒಮ್ಮೆ ಆರಿಸಿಟ್ಟರೆ, ಕೇಳುವ ಶಿಷ್ಟಾಚಾರವಿರುವ ಎಲ್ಲ ತಾಣಗಳೂ ಅದನ್ನು ಪಾಲಿಸುತ್ತವೆ. ಹೆಚ್ಚಿನ ಕಾಂಟ್ರಾಸ್ಟ್ ಬೇಕೇ, ಅಲುಗಾಡುವ ಚಿತ್ರಗಳಿಂದ ತಲೆ ಸುತ್ತುತ್ತದೆಯೇ ಎಂದು ಕೇಳುವ ಸವಲತ್ತುಗಳೂ ಇದರ ಒಡಹುಟ್ಟಿದವು. ನನ್ನ ಪ್ರಕಾರ ಡಾರ್ಕ್ ಮೋಡಿನ ದೊಡ್ಡ ಕೊಡುಗೆ ಇದೇ. ಪುಟಗಳು ಓದುಗರನ್ನು ಕೇಳಲು ಕಲಿತವು.

ಹೀಗೆ ಕಟ್ಟುವುದರಲ್ಲಿ ಒಂದು ಜಾಣತನವಿದೆ. ಬಣ್ಣವನ್ನು ಬಣ್ಣದ ಹೆಸರಿನಿಂದ ಬರೆಯದೆ ಪಾತ್ರದ ಹೆಸರಿನಿಂದ ಬರೆಯುತ್ತಾರೆ. ಹಿನ್ನೆಲೆ, ಬರಹ, ಅಂಚು, ಎಚ್ಚರಿಕೆ. ಕಂಪನಿ ನಾಟಕದಲ್ಲಿ ಪಾತ್ರ ಅದೇ ಇದ್ದು ಇಂದು ಒಬ್ಬರು, ನಾಳೆ ಇನ್ನೊಬ್ಬರು ವೇಷ ಕಟ್ಟುವ ಹಾಗೆ, 'ಬರಹ' ಎಂಬ ಪಾತ್ರಕ್ಕೆ ಹಗಲು ಕಪ್ಪು, ರಾತ್ರಿ ತಿಳಿಬೂದು.

ಈ ಶ್ರಮವಿಲ್ಲದೆ ಇಡೀ ಪುಟವನ್ನು ತಿರುಗಾಮುರುಗಾ ಮಾಡಿಬಿಟ್ಟರೆ ಎಡವಟ್ಟು. ಅರ್ಜಿಗೆ ಹಾಕಿದ ಫೋಟೊ ಹಳೆಯ ಫಿಲ್ಮಿನ ನೆಗೆಟಿವ್ ಆಗುತ್ತದೆ. ಹಿನ್ನೆಲೆಯಿಲ್ಲದ ಕಪ್ಪು ಶಾಯಿಯ ಸಹಿ ಕಪ್ಪು ಪುಟದಲ್ಲಿ ಕರಗಿಹೋಗುತ್ತದೆ. ಬಣ್ಣ ಮಗುಚಿದ ಕ್ಯೂಆರ್ ಕೋಡನ್ನು ಕೆಲವು ಸ್ಕ್ಯಾನರುಗಳು ಓದುವುದೇ ಇಲ್ಲ. ಇನ್ನೊಂದು ಕಿರಿಕಿರಿ ಕತ್ತಲಲ್ಲಿ ಕಪ್ಪು ಪುಟ ತೆರೆಯುವಾಗ ಫಕ್ಕನೆ ಮಿಂಚಿ ಮರೆಯಾಗುವ ಬಿಳಿ. ಪುಟ ಮೊದಲು ಬಿಳಿಯಾಗಿ ಬಂದು, ಆಮೇಲೆ ನಿಮ್ಮ ಆಯ್ಕೆ ನೆನಪಾಗಿ ಕಪ್ಪಾಗುವುದರಿಂದ ಹೀಗೆ. ಆಯ್ಕೆಯನ್ನು ಎಲ್ಲಕ್ಕಿಂತ ಮೊದಲು ಓದಿಸಿದರೆ ಇದು ಆಗುವುದಿಲ್ಲ. ಮೈಗ್ರೇನ್ ಇರುವವರಿಗೆ ಆ ಒಂದು ಮಿಂಚು ಸಾಕು, ಸಂಜೆಯೇ ಹಾಳು.

ಕಾನೂನು ಏನು ಹೇಳುತ್ತದೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿಯ ತೊಂದರೆಯಿರುವ ಅಂಗವಿಕಲರು ಸುಮಾರು 50 ಲಕ್ಷ. ಚಾಳೀಸಿನವರು, ಪೊರೆ ಬರುತ್ತಿರುವವರು ಈ ಲೆಕ್ಕದಲ್ಲಿ ಬರುವುದಿಲ್ಲ. ಸರ್ಕಾರಿ ಜಾಲತಾಣಗಳಿಗೆ 2009ರಿಂದಲೇ ಮಾರ್ಗಸೂಚಿಯಿದೆ, ಅದರ ಮೂರನೇ ಆವೃತ್ತಿ 2023ರದು. ಪುಟದ ಮೇಲ್ತುದಿಯಲ್ಲಿ ಸಣ್ಣದು, ದೊಡ್ಡದು ಎಂದು ಕಾಣುವ ಮೂರು 'ಎ' ಅಕ್ಷರಗಳು, ಬಣ್ಣ ಬದಲಿಸುವ ಬಟನ್ನು ನಮ್ಮ ಎಷ್ಟೋ ತಾಣಗಳಲ್ಲಿ ಈಗ ರೂಢಿಯಾಗಿವೆ. ಒತ್ತಿ ನೋಡಿ. ಕೆಲವು ಕಡೆ ಮುಖಪುಟ ಬದಲಾಗುತ್ತದೆ, ಅರ್ಜಿಯ ಪುಟಕ್ಕೆ ಹೋದಾಗ ಮತ್ತೆ ಬಿಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸುಗಮ್ಯತೆಯನ್ನು ಹಕ್ಕಾಗಿ ಕೊಟ್ಟಿತು. ಅದರಡಿಯ 2017ರ ನಿಯಮಗಳಲ್ಲಿ ಅದು ಸಲಹೆಯ ಮಟ್ಟಕ್ಕೆ ಇಳಿದಿತ್ತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕಡ್ಡಾಯವಾಗಿ ಪಾಲಿಸಬೇಕಾದ ಕನಿಷ್ಠ ಮಾನದಂಡ ರೂಪಿಸಲು ಸೂಚಿಸಿತು.

2025ರ ಏಪ್ರಿಲ್ 30ರಂದು ಬಂದ ಇನ್ನೊಂದು ತೀರ್ಪು ನೇರವಾಗಿ ಪರದೆಗೇ ಸಂಬಂಧಿಸಿದ್ದು. ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಕೆವೈಸಿ ಮಾಡುವಾಗ ಮೊಬೈಲ್ 'ಕಣ್ಣು ಮಿಟುಕಿಸಿ' ಎನ್ನುತ್ತದೆ. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟವರು ಮಿಟುಕಿಸುವುದು ಹೇಗೆ? ದೃಷ್ಟಿಯಿಲ್ಲದವರು ಮುಖವನ್ನು ಚೌಕಟ್ಟಿನೊಳಗೆ ಹಿಡಿಯುವುದು ಹೇಗೆ? ಅವರು ಹೂಡಿದ ಮೊಕದ್ದಮೆಗಳಲ್ಲಿ ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿ 20 ನಿರ್ದೇಶನ ಕೊಟ್ಟಿತು.

ಪೊರೆ ತೆಗೆದ ಮೇಲೆ

ಅಮ್ಮನಿಗೆ ಹೋದ ವರ್ಷ ಎರಡೂ ಕಣ್ಣಿನ ಆಪರೇಷನ್ ಆಯಿತು. ಹಸಿರು ಪಟ್ಟಿ ಬಿಚ್ಚಿದ ಮೂರನೇ ವಾರಕ್ಕೆ ತಾನಾಗಿಯೇ ಮೊಬೈಲ್ ಕೊಟ್ಟು 'ಈ ಕಪ್ಪು ಸಾಕು, ಮೊದಲಿನ ಹಾಗೆ ಬೆಳ್ಳಗೆ ಮಾಡು' ಎಂದಳು. ಕ್ಯಾಲೆಂಡರಿನ ಹಿಂದಿನ ಪುಟದ ಪಂಚಾಂಗವನ್ನೂ ಈಗ ಕನ್ನಡಕವಿಟ್ಟು ಸಲೀಸಾಗಿ ಓದುತ್ತಾಳೆ.

ಮೊನ್ನೆ ಒಂದು ಆನ್‌ಲೈನ್ ಅರ್ಜಿ ತುಂಬಬೇಕಿತ್ತು. ನಾನು ಪಕ್ಕದಲ್ಲಿ ಕುಳಿತೆ, ಅವಳೇ ತುಂಬಿದಳು. ಹೆಸರು, ವಿಳಾಸ, ಪಿನ್‌ಕೋಡ್. ನಾಲ್ಕನೇ ಚೌಕದ ಹತ್ತಿರ ಬೆರಳು ನಿಂತಿತು. ಫೋನನ್ನು ದೂರ ಹಿಡಿದಳು, ಹತ್ತಿರ ತಂದಳು, ಕಿಟಕಿಯ ಕಡೆ ತಿರುಗಿಸಿದಳು. 'ಇಲ್ಲಿ ಬೂದಿ ಬಣ್ಣದಲ್ಲಿ ಏನೋ ಬರೆದಿದ್ದಾರಲ್ಲ, ಏನದು?' ಎಂದು ಕೇಳಿದಳು. ನಾನೂ ಬಗ್ಗಿ ನೋಡಿದೆ. ಹುಟ್ಟಿದ ದಿನಾಂಕವನ್ನು ಯಾವ ಕ್ರಮದಲ್ಲಿ ಬರೆಯಬೇಕೆಂದು ಅಲ್ಲಿ ಹೇಳಿತ್ತು.